ಹವಳಗಾದ ಹುಳುವಿನಲ್ಲಿ ತಿರುವು ಮರೆತ ಕೋಶ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಫಜಲಪುರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ನಿಂತು ನಾನು ಫೋನಿನಲ್ಲಿ ನನ್ನ ಪಿಎಚ್‌ಡಿ ಮಾರ್ಗದರ್ಶಕರ ಮಾತು ಕೇಳುತ್ತಿದ್ದೆ. ನಾನು ಕಳಿಸಿದ್ದ ಹುಳುಗಳ ಚಿತ್ರಗಳನ್ನೂ ಎಣಿಕೆಯ ಪಟ್ಟಿಯನ್ನೂ ಅವರು ಬೆಂಗಳೂರಿನಲ್ಲಿ ಕುಳಿತು ನೋಡಿ ಮುಗಿಸಿದ್ದರು.

"ಇದರಲ್ಲಿ ವಂಶವಾಹಿಯ ಮಾತು ಏನೂ ಇಲ್ಲ ಮೇಡಂ. ನಿಮ್ಮೂರಿನ ಬಿಸಿಲಿಗೆ ಹುಳುಗಳು ಬೆಂದಿವೆ, ಅಷ್ಟೇ" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಟಿದ್ದು ಅದೇ. ಕಾಯಿಲೆಯವರಿಗೆ ಪಥ್ಯ ಹೇಳುವ ಹಾಗೆ ಸಮಾಧಾನವಾಗಿ ಒಂದು ಸಲಹೆಯನ್ನೂ ಕೊಟ್ಟರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಯಾವ ಯಾವ ದುಂಡುಹುಳು ಸಿಗುತ್ತವೆ ಎಂಬ ಸಮೀಕ್ಷೆಯನ್ನು ಬರೆದುಬಿಡಿ, ಪದವಿ ಸಿಗುತ್ತದೆ. ಜೀವಕೋಶಗಳ ಚಲನೆಯಂಥ ವಿಷಯಕ್ಕೆ ಬೇಕಾದ ಸೌಕರ್ಯ ಅಲ್ಲಿಲ್ಲ ಎಂದರು. ನನ್ನ ನೋಂದಣಿ ಮುಗಿಯಲು ಒಂದು ವರ್ಷ ಉಳಿದಿತ್ತು. ಯೋಚನೆ ಮಾಡುತ್ತೇನೆ ಸರ್ ಎಂದು ಫೋನಿಟ್ಟೆ. ಇಟ್ಟ ಮೇಲೆ ಯೋಚನೆ ಮಾಡಲಿಲ್ಲ. ಆ ಸಮೀಕ್ಷೆಯನ್ನು ನಾನು ಬರೆಯುವುದಿಲ್ಲ ಎಂಬುದು ಅವರು ಮಾತಾಡುತ್ತಿರುವಾಗಲೇ ತೀರ್ಮಾನವಾಗಿತ್ತು.

ನಾನು ನೋಡುತ್ತಿದ್ದ ಹುಳು ಒಂದು ಮಿಲಿಮೀಟರ್ ಉದ್ದದ್ದು. ಯಾರಿಗೂ ರೋಗ ತರುವುದಿಲ್ಲ. ಕೊಳೆತ ಹಣ್ಣು, ಕೊಳೆತ ದಂಟುಗಳಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುತ್ತದೆ. ದೊಡ್ಡ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಎಲೆಗನ್ಸ್ ಎಂಬ ಹುಳುವಿಗೆ ಇದು ಹತ್ತಿರದ ದಾಯಾದಿ, ಆದರೆ ಬಿಸಿಯನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಮೈ ಗಾಜಿನಂತೆ ಪಾರದರ್ಶಕವಾದ್ದರಿಂದ ಜೀವಂತ ಹುಳುವಿನ ಒಳಗೇ ಕೋಶಗಳನ್ನು ಒಂದೊಂದಾಗಿ ನೋಡಬಹುದು.

ಮೊಟ್ಟೆಯೊಡೆದು ಬಂದ ಮರಿಯಲ್ಲಿ ಜನನಗ್ರಂಥಿ ಎಂದರೆ ಹೊಟ್ಟೆಯ ನಡುವೆ ನಾಲ್ಕೇ ಕೋಶಗಳ ಒಂದು ಗುಂಪು. ಮರಿ ಬೆಳೆದಂತೆ ಆ ಗುಂಪಿನ ಎರಡು ಕೊನೆಗಳಲ್ಲಿ ಒಂದೊಂದು ತುದಿಕೋಶ ಹುಟ್ಟುತ್ತದೆ. ಒಂದು ತಲೆಯ ಕಡೆಗೆ, ಇನ್ನೊಂದು ಬಾಲದ ಕಡೆಗೆ ಹೊಟ್ಟೆಯ ಗೋಡೆಗುಂಟ ತೆವಳುತ್ತದೆ. ಸ್ವಲ್ಪ ದೂರ ಹೋದ ಮೇಲೆ ಎರಡೂ ತಿರುಗಿ ಬೆನ್ನಿನ ಕಡೆಗೆ ಏರುತ್ತವೆ. ಏರಿದ ಮೇಲೆ ಇನ್ನೊಮ್ಮೆ ತಿರುಗಿ ನಡುವಿಗೆ ಮರಳುತ್ತವೆ. ಗ್ರಂಥಿ ಅವುಗಳ ಹಿಂದೆಯೇ ಉದ್ದವಾಗುತ್ತ ಬರುವುದರಿಂದ, ಬೆಳೆದ ಹುಳುವಿನಲ್ಲಿ ಅದರ ಎರಡೂ ತೋಳುಗಳು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿರುತ್ತವೆ. ಕೋಶ ಯಾವಾಗ ತಿರುಗಬೇಕು ಎಂಬುದನ್ನು ವಂಶವಾಹಿಗಳು ನಿರ್ಧರಿಸುತ್ತವೆ. ಹೊಟ್ಟೆಯ ಬದಿಯಿಂದ ಒಂದು ಪ್ರೋಟೀನ್ ಹರಡಿಕೊಂಡಿರುತ್ತದೆ. ಸರಿಯಾದ ಹೊತ್ತಿಗೆ ತುದಿಕೋಶದಲ್ಲಿ ಒಂದು ವಂಶವಾಹಿ ಚಾಲೂ ಆಗುತ್ತದೆ, ಆ ಪ್ರೋಟೀನನ್ನು ಗುರುತು ಹಿಡಿಯುವ ಶಕ್ತಿ ಕೋಶಕ್ಕೆ ಬರುತ್ತದೆ, ಆಗ ಕೋಶ ಹೊಟ್ಟೆಯ ಬದಿ ಬಿಟ್ಟು ಮೇಲಕ್ಕೆ ಹೋಗುತ್ತದೆ. ಈ ಏರ್ಪಾಡು ಎಲ್ಲಿ ಕೆಟ್ಟರೂ ಕೋಶ ತಿರುಗದೆ ಹೊಟ್ಟೆಗುಂಟ ನೆಟ್ಟಗೆ ಹೋಗುತ್ತದೆ. ಅಂಥ ಹುಳುವಿನ ಹೊಟ್ಟೆಯ ಬದಿಗೆ ಒಂದು ತಿಳಿ ಮಚ್ಚೆ ಕಾಣುತ್ತದೆ. ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅದು ಸಿಗುತ್ತದೆ.

ನನ್ನ ಬಳಿ ಮೂರು ತಳಿಗಳಿದ್ದವು. ಹಿಂದಿನ ಮಳೆಗಾಲದಲ್ಲಿ ನಾನೇ ಬಸ್ಸಿನಲ್ಲಿ ತಿರುಗಿ ಹಿಡಿದು ತಂದವು. ನನ್ನ ತವರಾದ ಆಳಂದಕ್ಕೆ ಹೋದಾಗ ನರೋಣಾದ ಹೊಲವೊಂದರ ಬದುವಿನಲ್ಲಿ ಬಿದ್ದು ಕೊಳೆತ ಪಪ್ಪಾಯಿಯಿಂದ ಒಂದು. ಜೇವರ್ಗಿ ಕಡೆಯ ಅಂದೋಲಾದಲ್ಲಿ ಕಡಿದು ಹಾಕಿದ ಬಾಳೆಯ ದಿಂಡಿನಿಂದ ಒಂದು. ನಮ್ಮ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಕಬ್ಬಿನ ಹೊಲದ ಅಂಚಿಗೆ ಗುಡ್ಡೆ ಹಾಕಿದ್ದ ರವದಿಯ ತಳದಿಂದ ಒಂದು. ರವದಿ ಎಂದರೆ ಕಬ್ಬು ಕಡಿದಾಗ ಉಳಿಯುವ ಸೋಗೆ, ತುದಿ. ಹೊಲದ ಯಜಮಾನ ನಾನು ಕೊಳೆತದ್ದನ್ನು ಚೀಲಕ್ಕೆ ತುಂಬುವುದನ್ನು ನೋಡುತ್ತ ನಿಂತಿದ್ದು, ಕಡೆಗೆ ಒಳ್ಳೆಯ ಕಬ್ಬು ಬೇಕಾದರೆ ಹೇಳಬಾರದೇನು ಎಂದು ಕೇಳಿದ.

ತಂದದ್ದನ್ನು ಅಗಾರ್ ಎಂಬ ಲೋಳೆ ಹಾಕಿದ ತಟ್ಟೆಯ ಒಂದು ಅಂಚಿಗೆ ಇಡುತ್ತಿದ್ದೆ, ನಡುವೆ ಬ್ಯಾಕ್ಟೀರಿಯಾದ ಒಂದು ಹನಿ. ಒಂದೆರಡು ಗಂಟೆಗಳಲ್ಲಿ ಹುಳುಗಳು ಹೊಲಸಿನಿಂದ ಹೊರಬಂದು ಊಟದ ಕಡೆ ನಡೆಯುತ್ತವೆ. ಪ್ಲಾಟಿನಂ ತಂತಿಯ ಚಪ್ಪಟೆ ಮಾಡಿದ ತುದಿಯಿಂದ ಒಂದನ್ನು ಎತ್ತಿ ಬೇರೆ ತಟ್ಟೆಗೆ ಬಿಟ್ಟರೆ ಸಾಕು. ಈ ಹುಳು ದ್ವಿಲಿಂಗಿ. ತಾನೇ ತಾಯಿ, ತಾನೇ ತಂದೆ. ಒಂದೇ ಹುಳುವಿನಿಂದ ಒಂದು ತಳಿ. ಮೂರು ತಳಿಗಳಿಗೂ ಊರಿನ ಹೆಸರನ್ನೇ ಇಟ್ಟೆ. ಅವುಗಳಲ್ಲಿ ಹವಳಗಾ ತಳಿಯ ಹುಳುಗಳಲ್ಲಿ ಮಾತ್ರ ಮತ್ತೆ ಮತ್ತೆ ಆ ತಿಳಿ ಮಚ್ಚೆ ಕಾಣಿಸುತ್ತಿತ್ತು. ಮಾರ್ಗದರ್ಶಕರು ಬೆಂದದ್ದು ಎಂದದ್ದು ಅವನ್ನೇ.

ಅವರ ಮಾತು ಸುಳ್ಳು ಮಾಡಬೇಕೆಂದು ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಕೂತೆ. ನನ್ನ ಇನ್‌ಕ್ಯುಬೇಟರ್ ಎಂದರೆ ಹಳೆಯ ಒಂಟಿ ಬಾಗಿಲಿನ ಫ್ರಿಜ್ಜು. ಅದಕ್ಕೆ ಹೊರಗಿನಿಂದ ಉಷ್ಣತೆ ಹಿಡಿದಿಡುವ ಒಂದು ಸಾಧನ ಜೋಡಿಸಿ ಇಪ್ಪತ್ತೇಳು ಡಿಗ್ರಿಗೆ ಇಟ್ಟಿದ್ದೆ. ಹೊರಗೆ ನಲವತ್ತೆರಡಿದ್ದರೂ ಒಳಗೆ ಇಪ್ಪತ್ತೇಳು, ಇದೇ ನನ್ನ ವಾದ. ಅದನ್ನು ಬರವಣಿಗೆಯಲ್ಲಿ ತೋರಿಸಲು ಪ್ರತಿ ಹಲಗೆಯ ಮೇಲೂ ಒಂದು ಲೋಟ ನೀರು, ಅದರೊಳಗೆ ಒಂದು ಥರ್ಮಾಮೀಟರ್ ಇಟ್ಟೆ. ಮೂರು ತಾಸು ಬಿಟ್ಟು ಬಾಗಿಲು ತೆಗೆದೆ.

ಮೇಲಿನ ಹಲಗೆಯಲ್ಲಿ ಇಪ್ಪತ್ತಾರೂವರೆ. ನಡುವೆ ಇಪ್ಪತ್ತೇಳು. ಕೆಳಗೆ ಮೂವತ್ತು.

ಲೋಟ ಬದಲಿಸಿದೆ, ಥರ್ಮಾಮೀಟರ್ ಬದಲಿಸಿದೆ. ಮೂವತ್ತೇ. ಫ್ರಿಜ್ಜಿನ ತಂಪು ಮೇಲಿನಿಂದ ಬರುತ್ತದೆ, ಗಾಳಿ ಆಡುವುದಿಲ್ಲ, ತಳ ಬಿಸಿಯಾಗಿಯೇ ಉಳಿಯುತ್ತದೆ. ನಾನು ಕೊನೆಗೆ ತಂದ ತಳಿ ಹವಳಗಾದ್ದು. ಮೇಲೆ ಜಾಗವಿಲ್ಲದೆ ಅದರ ತಟ್ಟೆಗಳನ್ನು ಮೊದಲ ದಿನದಿಂದಲೂ ಕೆಳಗಿನ ಹಲಗೆಯಲ್ಲೇ ಇಡುತ್ತ ಬಂದಿದ್ದೆ. ಮೂವತ್ತು ಡಿಗ್ರಿಯಲ್ಲಿ ಈ ಜಾತಿಯ ಯಾವ ಹುಳುವಾದರೂ ಎಡವಟ್ಟು ಮಾಡಿಕೊಳ್ಳುತ್ತದೆ. ಅಂದರೆ ಬೆಂಗಳೂರಿನಲ್ಲಿ ಕೂತು, ನನ್ನ ಫ್ರಿಜ್ಜನ್ನು ಒಮ್ಮೆಯೂ ನೋಡದೆ, ಅವರು ಹೇಳಿದ್ದರಲ್ಲಿ ಅರ್ಧವಾದರೂ ನಿಜವಿರಬಹುದಿತ್ತು.

ಆ ದಿನ ನಾನು ಊಟ ಮಾಡಲಿಲ್ಲ. ತಪ್ಪಿಗಿಂತ ಹೆಚ್ಚಾಗಿ ಅದು ಎಷ್ಟು ಸಣ್ಣ ತಪ್ಪು ಎಂಬುದು ಕಾಡಿತು. ಮೊದಲ ವರ್ಷದ ವಿದ್ಯಾರ್ಥಿಗೆ ನಾನೇ ಕಲಿಸುವ ಪಾಠ ಅದು.

ಎರಡು ದಾರಿ ಇದ್ದವು. ತಟ್ಟೆಗಳ ಜಾಗ ಸದ್ದಿಲ್ಲದೆ ಬದಲಿಸಿ, ಹಳೆಯ ಎಣಿಕೆಗೆ ಹೊಸದನ್ನು ಸೇರಿಸುತ್ತ ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲವೇ ಎಂಟು ತಿಂಗಳ ಎಣಿಕೆಯನ್ನು ಪೂರ್ತಿ ಬಿಟ್ಟು ಒಂದರಿಂದ ಶುರು ಮಾಡಬೇಕಿತ್ತು. ಎಣಿಕೆ ಪುಸ್ತಕದ ಆ ಪುಟಗಳ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು, ಸಹಿ ಮಾಡಿದೆ. ಆಮೇಲೆ ಮಾರ್ಗದರ್ಶಕರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಅವರು, ಹಾಗಾದರೆ ಇದು ಮುಗಿಯಿತಲ್ಲ, ಸಮೀಕ್ಷೆ ಶುರು ಮಾಡಿ ಎಂದರು.

"ಮುಗಿದಿಲ್ಲ ಸರ್. ನನ್ನ ಎಣಿಕೆ ತಪ್ಪು ಅಂತ ಗೊತ್ತಾಗಿದೆ. ಹವಳಗಾ ಹುಳು ಸರಿಯಿದೆ ಅಂತ ಗೊತ್ತಾಗಿಲ್ಲ. ಇನ್ನೊಮ್ಮೆ ಮಾಡ್ತೇನೆ."

ಸಮಯವಿಲ್ಲ ಎಂದರು. ಇದೆ ಎಂದೆ. ಅವರು ನಿಮ್ಮಿಷ್ಟ ಎಂದು ಫೋನಿಟ್ಟರು.

ಇಲ್ಲಿಂದ ಮುಂದಿನ ಕೆಲಸ ನನ್ನೊಬ್ಬಳದಲ್ಲ. ನಮ್ಮ ಪ್ರಯೋಗಾಲಯಕ್ಕೆ ಒಬ್ಬ ಸಹಾಯಕರಿದ್ದಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮಾತು ಕಮ್ಮಿಯ ಮನುಷ್ಯ. ಅಫಜಲಪುರದವರೇ. ನಾನು ಕಾಕಾ ಎಂದು ಕರೆಯುತ್ತೇನೆ. ಕಾಲೇಜಿಗೆ ಬರುವ ಮೊದಲು ಅವರು ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸದ ಬಾಟಲಿಗಳಿಗೆ ನಂಬರು ಹಾಕುತ್ತಿದ್ದರಂತೆ. ರಸ ಯಾರ ಗಾಡಿಯದು ಎಂದು ಪರೀಕ್ಷೆ ಮಾಡುವವರಿಗೆ ಗೊತ್ತಾಗಬಾರದು, ಅದಕ್ಕೆ ಹೆಸರಿಲ್ಲದ ನಂಬರು. ಇದನ್ನು ಅವರು ಹೇಳಿದ್ದು ನಾನು ಅಡ್ಡಗೆರೆ ಎಳೆದ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಿದ್ದಾಗ. ಯಾಕೆ ಹೇಳಿದರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಫ್ರಿಜ್ಜು ಒಂದು ತಪ್ಪು, ನಾನು ಇನ್ನೊಂದು. ಯಾವ ತಟ್ಟೆ ಯಾವ ಊರಿನದೆಂದು ಗೊತ್ತಿಟ್ಟುಕೊಂಡೇ ನಾನು ಎಣಿಸುತ್ತಿದ್ದೆ. ಹವಳಗಾ ಎಂದು ಬರೆದ ತಟ್ಟೆಯಲ್ಲಿ ಅನುಮಾನದ ಮಚ್ಚೆಯೂ ಮಚ್ಚೆಯಾಗುತ್ತಿತ್ತು. ನರೋಣಾದ ತಟ್ಟೆಯಲ್ಲಿ ಅದೇ ಮಚ್ಚೆ ನೆರಳಾಗುತ್ತಿತ್ತು.

ಹೊಸ ಏರ್ಪಾಡು ಹೀಗಿತ್ತು. ಮೂರೂ ತಳಿಗಳ ಮೊಟ್ಟೆ ತುಂಬಿದ ಹುಳುಗಳನ್ನು ಬ್ಲೀಚ್ ದ್ರಾವಣಕ್ಕೆ ಹಾಕುವುದು. ತಾಯಿ ಹುಳು ಕರಗಿ ಹೋಗುತ್ತದೆ, ಗಟ್ಟಿ ಚಿಪ್ಪಿನ ಮೊಟ್ಟೆ ಉಳಿಯುತ್ತದೆ. ಹೀಗೆ ಮಾಡಿದರೆ ಬೂಷ್ಟು, ಬೇರೆ ಸೂಕ್ಷ್ಮಜೀವಿಗಳೂ ಸಾಯುತ್ತವೆ, ಎಲ್ಲ ಮರಿಗಳ ವಯಸ್ಸೂ ಒಂದೇ ಆಗುತ್ತದೆ. ತಟ್ಟೆಗಳನ್ನು ನಾನು ತಯಾರಿಸಿ ಕಾಕಾನ ಕೈಗೆ ಕೊಟ್ಟು ಹೊರಗೆ ಹೋಗುವುದು. ಅವರು ಊರಿನ ಹೆಸರು ಒರೆಸಿ ತಮ್ಮ ನಂಬರು ಬರೆಯುವುದು, ಯಾವ ನಂಬರು ಯಾವ ಊರೆಂದು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ಬೀಗ ಹಾಕುವುದು. ಫ್ರಿಜ್ಜಿನ ಒಳಗೆ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನ್ ಕೂಡಿಸಿದೆವು, ಮೂರೂ ಹಲಗೆಗಳ ನಡುವಿನ ಅಂತರ ಅರ್ಧ ಡಿಗ್ರಿಯೊಳಗೆ ಬಂತು. ಅಷ್ಟಾದರೂ ತಟ್ಟೆಗಳ ಜಾಗವನ್ನು ಕಾಕಾ ದಿನಕ್ಕೆರಡು ಸಲ ಅದಲುಬದಲು ಮಾಡುತ್ತಿದ್ದರು. ಕರೆಂಟು ಅರ್ಧ ತಾಸಿಗಿಂತ ಹೆಚ್ಚು ಹೋದರೆ ಆ ಸುತ್ತು ರದ್ದು. ಇದು ನನ್ನ ನಿಯಮ. ಮೇ ತಿಂಗಳಲ್ಲಿ ಇಂಥ ನಿಯಮ ಮಾಡಿಕೊಂಡದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಮೊದಲ ಸುತ್ತು ಕರೆಂಟಿಗೆ ಹೋಯಿತು. ಎರಡನೆಯದು ಗಾಳಿಗೆ. ಒಂದು ಸಂಜೆ ಭೀಮಾ ನದಿಯ ಕಡೆಯಿಂದ ಎದ್ದ ಧೂಳು ಕಿಟಕಿಯ ಸಂದಿಯಿಂದ ಒಳಬಂದು, ಮೂರು ದಿನದಲ್ಲಿ ಅರ್ಧ ತಟ್ಟೆಗಳ ಮೇಲೆ ಹಸಿರು ಬೂಷ್ಟು. ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ಕಟ್ಟಿ, ಮತ್ತೆ ಬ್ಲೀಚು, ಮತ್ತೆ ಮೊಟ್ಟೆ. ಅಗಾರನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ ತಟ್ಟೆಗೆ ಸುರಿಯುವಾಗ ಕೋಣೆ ಇನ್ನಷ್ಟು ಕಾಯುತ್ತಿತ್ತು. ರಜೆಗೆ ಆಳಂದಕ್ಕೆ ಹೋಗದ ನನಗೆ ಅಮ್ಮಿ ಫೋನಿನಲ್ಲಿ, ಮದುವೆ ಸೀಸನ್ ಎಲ್ಲ ಮುಗಿಯಿತು, ನಿನ್ನ ಹುಳಗಳಿಗೆ ರಜೆ ಇಲ್ಲವೇ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಇರಲಿಲ್ಲ. ಅವನ್ನು ಹೆಪ್ಪುಗಟ್ಟಿಸಿ ಶಾಶ್ವತವಾಗಿ ಕಾಪಿಡುವ ಅತಿಶೀತ ಪೆಟ್ಟಿಗೆ ನಮ್ಮಲ್ಲಿಲ್ಲ. ನಾಲ್ಕು ದಿನಕ್ಕೊಮ್ಮೆ ಹೊಸ ತಟ್ಟೆಗೆ ದಾಟಿಸದಿದ್ದರೆ ಹಸಿದು ಸೊರಗುತ್ತವೆ.

ಮೂರನೆಯ ಸುತ್ತು ಕೆಡದೆ ಉಳಿಯಿತು.

ಇಪ್ಪತ್ನಾಲ್ಕು ತಟ್ಟೆಗಳು. ಒಂದೊಂದರಿಂದ ಹುಳುಗಳನ್ನು ಎತ್ತಿ, ಗಾಜಿನ ಪಟ್ಟಿಯ ಮೇಲೆ ತೆಳು ಅಗಾರಿನ ಹಾಸು ಮಾಡಿ, ಮಂಪರು ಬರುವ ಔಷಧಿಯ ಹನಿಯಲ್ಲಿ ಮಲಗಿಸಿ ನೋಡಬೇಕು. ದೊಡ್ಡ ಪ್ರಯೋಗಾಲಯಗಳಲ್ಲಿ ಇದಕ್ಕೆ ಕೋಶಗಳನ್ನು ಉಬ್ಬುಚಿತ್ರದ ಹಾಗೆ ತೋರಿಸುವ ವಿಶೇಷ ಸೂಕ್ಷ್ಮದರ್ಶಕ ಇರುತ್ತದೆ. ನಮ್ಮಲ್ಲಿದ್ದದ್ದು ವಿದ್ಯಾರ್ಥಿಗಳದು. ಅದರ ಬೆಳಕಿನ ದಾರಿಗೆ ಕರಿ ಕಾಗದದ ತುಂಡೊಂದನ್ನು ಅರ್ಧ ಅಡ್ಡ ಹಿಡಿದರೆ ಬೆಳಕು ಓರೆಯಾಗಿ ಬಿದ್ದು, ಕೋಶದ ಅಂಚುಗಳಿಗೆ ನೆರಳು ಹುಟ್ಟಿ, ಅದೇ ಉಬ್ಬು ಕಾಣುತ್ತದೆ. ಕಾಗದ ಎಷ್ಟು ಸರಿಸಬೇಕೆಂದು ಕೈಗೆ ಗೊತ್ತಾಗಲು ಒಂದು ವಾರ ಹಿಡಿಯಿತು. ಆಮೇಲೆ ತುದಿಕೋಶ ತನ್ನ ದಾರಿಯ ಕೊನೆಯಲ್ಲಿ ಟೋಪಿಯ ಹಾಗೆ ಕೂತಿರುವುದು ನೇರವಾಗಿ ಕಂಡಿತು. ಪ್ರತಿ ಹುಳುವಿಗೂ ಪುಸ್ತಕದಲ್ಲಿ ಒಂದು ಸಣ್ಣ ಚಿತ್ರ: ಬಾಗಿದ ಗೆರೆ, ಇಲ್ಲವೇ ನೇರ ಗೆರೆ.

ಅರ್ಧ ಕೆಲಸ ಮುಗಿಯುವ ಹೊತ್ತಿಗೆ ಕೆಲವು ನಂಬರುಗಳಲ್ಲಿ ನೇರ ಗೆರೆಗಳು ಗುಂಪುಗೂಡುತ್ತಿದ್ದವು. ಉಳಿದವುಗಳಲ್ಲಿ ಎಲ್ಲೋ ಒಂದು. ನನ್ನ ತಾಳ್ಮೆ ಅಲ್ಲಿ ತಪ್ಪಿತು. ಈ ಗುಂಪು ಹವಳಗಾದ್ದಲ್ಲದಿದ್ದರೆ ಇನ್ನೊಂದು ವಾರ ಕಣ್ಣು ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕಾಕಾ ತಟ್ಟೆ ತೊಳೆಯುತ್ತಿದ್ದರು.

"ಕಾಕಾ, ಹನ್ನೊಂದನೇ ನಂಬರ್ ಒಂದ ಹೇಳ್ರಿ. ಉಳಿದದ್ದು ಬ್ಯಾಡ" ಎಂದೆ.

ಅವರು ಕೈ ಒರೆಸಿಕೊಂಡರು. "ಹೇಳೂದಿಲ್ರಿ ಮೇಡಮ್ಮ."

"ನಾನ ಕೇಳಾಕತ್ತೇನಲ್ರಿ."

"ನೀವ ಹೇಳೀರಿ, ನಾ ಕೇಳಿದ್ರೂ ಹೇಳಬ್ಯಾಡ್ರಿ ಅಂತ. ಅವತ್ತಿನ ಮೇಡಮ್ಮನ ಮಾತ ನಡಸಾಕತ್ತೇನಿ. ಇವತ್ತಿನವ್ರ ಮಾತ ನಡಸಾಕ ಆಗೂದಿಲ್ಲ."

ಸಿಟ್ಟು ಬಂತು. ಅವರು ಮತ್ತೆ ತಟ್ಟೆ ತೊಳೆಯಲು ತಿರುಗಿದರು. ನಾನು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಬೆಂಗಳೂರಿನವರು ನನ್ನನ್ನು ನಂಬದೇ ಇದ್ದಾಗ ನನಗೆ ಬಂದದ್ದು ಹಟ; ಕಾಕಾ ನಂಬದೇ ಇದ್ದಾಗ ಬಂದದ್ದು ಬೇರೆ ಏನೋ. ಅವರು ನನ್ನನ್ನು ನನ್ನಿಂದಲೇ ಕಾಯುತ್ತಿದ್ದರು.

ಕೊನೆಯ ಹುಳು ನೋಡಿದ ಮರುದಿನ ಬೆಳಿಗ್ಗೆ ಪ್ರಾಂಶುಪಾಲರನ್ನು ಸಾಕ್ಷಿಗೆ ಕರೆದೆ. ಅವರಿಗೆ ಹುಳುಗಳ ಬಗ್ಗೆ ಆಸಕ್ತಿಯಿಲ್ಲ, ಆದರೆ ಸಹಿ ಹಾಕುವ ಕೆಲಸದಲ್ಲಿ ಕಟ್ಟುನಿಟ್ಟು. ನಾನು ಮೊದಲು ಒಂದೊಂದು ನಂಬರನ್ನೂ ಅದರ ನೇರ ಗೆರೆಗಳ ಎಣಿಕೆಯನ್ನೂ ಓದಿ, ಯಾವ ತಟ್ಟೆಗಳ ಹುಳುಗಳಲ್ಲಿ ದೋಷವಿದೆ ಎಂದು ನನ್ನ ತೀರ್ಪು ಬರೆದು, ಪೆನ್ನು ಕೆಳಗಿಟ್ಟೆ. ಎಂಟು ತಟ್ಟೆಗಳು. ಆಮೇಲೆ ಕಾಕಾ ಬೀಗ ತೆಗೆದು ನೋಟ್‌ಬುಕ್ ಹೊರತೆಗೆದರು. ಕನ್ನಡಕ ಏರಿಸಿ, ಕಾರ್ಖಾನೆಯ ಪಟ್ಟಿ ಓದುವ ದನಿಯಲ್ಲಿ ಓದಿದರು. ಎರಡು, ಹವಳಗಾ. ಐದು, ಹವಳಗಾ. ಒಂಬತ್ತು, ಹವಳಗಾ. ಹನ್ನೊಂದಕ್ಕೆ ಬಂದಾಗ ನನ್ನ ಕಡೆ ಒಮ್ಮೆ ನೋಡಿ, ಹವಳಗಾ ಎಂದರು. ಎಂಟಕ್ಕೆ ಎಂಟೂ ಹವಳಗಾ. ಉಳಿದ ಹದಿನಾರರಲ್ಲಿ ಒಂದೂ ಅಲ್ಲ.

ಪ್ರಾಂಶುಪಾಲರು ಸಹಿ ಹಾಕಿ, ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರು. ಹುಳುವಿಗೆ ಕೆಟ್ಟದ್ದು ಸರ್, ನಮಗೆ ಒಳ್ಳೆಯದು ಎಂದೆ.

ಮಾರ್ಗದರ್ಶಕರು ಈ ಸಲ ಪಟ್ಟಿಯನ್ನು ಎರಡು ದಿನ ಇಟ್ಟುಕೊಂಡರು. ಆಮೇಲೆ ಇನ್ನೊಂದು ಪ್ರಶ್ನೆ ಬಂತು, ಮತ್ತು ಅದು ಸರಿಯಾದ ಪ್ರಶ್ನೆ ಎಂದು ಒಪ್ಪಲೇಬೇಕು. ಒಂದು ತಳಿ ಬೇರೆಯಾಗಿ ಕಂಡ ಮಾತ್ರಕ್ಕೆ ಕಾರಣ ವಂಶವಾಹಿಯೇ ಆಗಬೇಕಿಲ್ಲ. ರವದಿಯಿಂದ ಬಂದ ಯಾವುದೋ ಸೋಂಕು ಇರಬಹುದು, ತಳಿಯೇ ನಿಶ್ಶಕ್ತವಾಗಿ ಬಿಸಿ ತಡೆಯದೆ ಇರಬಹುದು. ಬ್ಲೀಚಿನಲ್ಲಿ ತೊಳೆದಿದ್ದೇನೆ ಎಂದೆ. ಸಾಲದು ಎಂದರು. ಹುಳುಗಳನ್ನು ತಮ್ಮಲ್ಲಿಗೆ ಕಳಿಸಿಬಿಡಿ, ಮುಂದಿನದನ್ನು ತಮ್ಮ ಸಂಶೋಧಕರು ನೋಡಿಕೊಳ್ಳುತ್ತಾರೆ ಎಂಬ ಮಾತೂ ಬಂತು.

ಹುಳು ಕೇಳಿದವರಿಗೆ ಕೊಡುವುದು ನಮ್ಮ ವೃತ್ತಿಯ ರೀತಿ, ಕಳಿಸುತ್ತೇನೆ ಎಂದೆ. ಆದರೆ ತಳಿಗಳನ್ನು ಕೂಡಿಸುವ ಪರೀಕ್ಷೆಯನ್ನು ಮೊದಲು ಇಲ್ಲಿ ನಾನೇ ಮುಗಿಸುತ್ತೇನೆ, ಆಮೇಲೆ ಕಳಿಸುತ್ತೇನೆ ಎಂದೂ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ.

ಕೂಡಿಸಲು ಗಂಡು ಬೇಕು. ದ್ವಿಲಿಂಗಿಗಳ ಈ ಲೋಕದಲ್ಲಿ ಗಂಡು ಹುಟ್ಟುವುದು ಅಪರೂಪ. ಆದರೆ ಮೊಟ್ಟೆ ಕಟ್ಟುವ ವಯಸ್ಸಿಗೆ ಬರುತ್ತಿರುವ ಹುಳುವಿಗೆ ಕೆಲವು ತಾಸು ಹೆಚ್ಚು ಬಿಸಿ ತಗುಲಿದರೆ ಮೊಟ್ಟೆಗಳಲ್ಲಿ ಲಿಂಗದ ವರ್ಣತಂತು ತಪ್ಪಿ, ಮರಿಗಳಲ್ಲಿ ಅಲ್ಲೊಂದು ಇಲ್ಲೊಂದು ಗಂಡು ಬರುತ್ತವೆ. ಇದಕ್ಕೆ ನನಗೆ ಯಾವ ಯಂತ್ರವೂ ಬೇಕಾಗಲಿಲ್ಲ. ನರೋಣಾ ತಳಿಯ ತಟ್ಟೆಗಳನ್ನು ಫ್ರಿಜ್ಜಿನಿಂದ ತೆಗೆದು ಕಿಟಕಿಯ ಪಕ್ಕದ ಕಡಪಾ ಕಲ್ಲಿನ ಮೇಲಿಟ್ಟು, ಥರ್ಮಾಮೀಟರ್ ನೋಡುತ್ತ ಕೂತೆ. ಎರಡು ಸಲ ಎಲ್ಲ ಸತ್ತವು. ಮೂರನೆಯ ಸಲ ಬದುಕಿ ಮೊಟ್ಟೆಯಿಟ್ಟವು, ಮರಿಗಳಲ್ಲಿ ಏಳು ಗಂಡು. ಬಾಲದ ತುದಿ ಬೀಸಣಿಗೆಯ ಹಾಗೆ ಅಗಲವಾಗಿರುವುದರಿಂದ ಗುರುತು ಸಿಗುತ್ತದೆ.

ಆ ನರೋಣಾ ಗಂಡುಗಳನ್ನು ಹವಳಗಾ ಹುಳುಗಳ ಜೊತೆ ಬಿಟ್ಟೆ. ಮರಿಗಳಲ್ಲಿ ಸುಮಾರು ಅರ್ಧ ಗಂಡಾದರೆ ಕೂಡಿಕೆ ಆಗಿದೆ ಎಂದರ್ಥ, ಆಗಿತ್ತು. ಈ ಬೆರಕೆ ಮರಿಗಳು ಹವಳಗಾ ತಾಯಿಯ ಹೊಟ್ಟೆಯಲ್ಲೇ ಬೆಳೆದವು, ಅದೇ ಫ್ರಿಜ್ಜಿನ ಅದೇ ಉಷ್ಣತೆಯಲ್ಲಿ. ಸೋಂಕಾಗಿದ್ದರೆ ತಾಯಿಯಿಂದ ಬರಬೇಕಿತ್ತು. ಬಿಸಿಯಾಗಿದ್ದರೆ ಎಲ್ಲಕ್ಕೂ ತಟ್ಟಬೇಕಿತ್ತು. ಕಾಕಾ ಮತ್ತೆ ನಂಬರು ಹಾಕಿದರು, ನಾನು ಮತ್ತೆ ಕುರುಡಾಗಿ ಎಣಿಸಿದೆ. ಬೆರಕೆ ಹುಳುಗಳಲ್ಲಿ ತುದಿಕೋಶಗಳು ತಪ್ಪದೆ ಬೆನ್ನಿಗೆ ಏರಿದ್ದವು.

ಮುಂದಿನ ಪೀಳಿಗೆಗೆ ಅವನ್ನು ತಮ್ಮಷ್ಟಕ್ಕೆ ಬಿಟ್ಟೆ. ಮೊಮ್ಮಕ್ಕಳನ್ನು ಒಂದೊಂದಾಗಿ ಬೇರೆ ತಟ್ಟೆಗೆ ಹಾಕಿ, ಒಂದೊಂದರಿಂದ ಒಂದೊಂದು ಸಂತತಿ ಬೆಳೆಸಿದೆ. ಒಂದೇ ವಂಶವಾಹಿಯ ದೋಷ, ಅದೂ ಎರಡೂ ಕಡೆಯಿಂದ ಬಂದಾಗ ಮಾತ್ರ ಕಾಣುವಂಥದ್ದಾಗಿದ್ದರೆ, ನಾಲ್ಕು ಸಂತತಿಗಳಲ್ಲಿ ಹೆಚ್ಚುಕಡಿಮೆ ಒಂದರಲ್ಲಿ ಅದು ಹವಳಗಾ ತಳಿಯಷ್ಟೇ ಪೂರ್ತಿಯಾಗಿ ಮರಳಬೇಕು. ಆ ಎಣಿಕೆ ಮುಗಿಯಲು ಗಣೇಶ ಚೌತಿ ದಾಟಿತು. ನಾಲ್ಕರಲ್ಲಿ ಒಂದರ ಹತ್ತಿರಕ್ಕೇ ಬಂದು ನಿಂತಿತು. ಅಜ್ಜಿಯ ಮಚ್ಚೆ ಮಕ್ಕಳಲ್ಲಿ ಮರೆಯಾಗಿ ಮೊಮ್ಮಕ್ಕಳಲ್ಲಿ ಕಾಣಿಸಿಕೊಂಡಿತ್ತು.

ಅಕ್ಟೋಬರಿನಲ್ಲಿ ಬೆಂಗಳೂರಿಗೆ ಹೋಗಿ ನನ್ನ ಸಂಶೋಧನೆಯ ಪ್ರಗತಿ ನೋಡುವ ಸಮಿತಿಯ ಮುಂದೆ ನಿಂತೆ. ರದ್ದು ಮಾಡಿದ ಎಂಟು ತಿಂಗಳಿಂದಲೇ ಶುರು ಮಾಡಿದೆ, ಲೋಟದ ನೀರಿನ ಮೂವತ್ತು ಡಿಗ್ರಿಯನ್ನೂ ತೋರಿಸಿದೆ. ಒಬ್ಬ ಪರೀಕ್ಷಕರು, ಆದರೂ ಅಲ್ಲಿನ ಉಷ್ಣತೆಯ ಪಾತ್ರ ಇರಬಹುದಲ್ಲವೇ ಎಂದು ಕೇಳಿದರು.

"ಇರಬಹುದು ಸರ್. ತಂಪಿನಲ್ಲಿ ಈ ದೋಷ ಕಡಿಮೆ ಕಾಣ್ತದೆ, ಅದನ್ನೂ ಬರೆದಿದ್ದೇನೆ. ಆದರೆ ಯಾವ ಹುಳುವಿನ ಅಜ್ಜಿ ಹವಳಗಾದವಳು ಅಂತ ಬಿಸಿಲಿಗೆ ಗೊತ್ತಿರೋದಿಲ್ಲ."

ಯಾರೂ ನಗಲಿಲ್ಲ. ಮಾರ್ಗದರ್ಶಕರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಯಾವ ವಂಶವಾಹಿ ಎಂದು ಇನ್ನೊಬ್ಬರು ಕೇಳಿದರು. ಗೊತ್ತಿಲ್ಲ ಎಂದೆ. ತಿರುವಿಗೆ ಸಂಬಂಧಿಸಿದ, ಈಗಾಗಲೇ ಹೆಸರಾದವುಗಳಲ್ಲಿ ಒಂದಿರಬಹುದು, ಹೊಸದಿರಬಹುದು, ಹುಡುಕದೆ ಹೇಳಲಾರೆ. ಸಮಿತಿ ನನ್ನ ವಿಷಯವನ್ನು ಹಾಗೆಯೇ ಉಳಿಸಿತು. ಸಮೀಕ್ಷೆಯ ಮಾತು ಅಲ್ಲಿಗೆ ನಿಂತಿತು.

ಹೊರಗೆ ಬಂದ ಮೇಲೆ ಮಾರ್ಗದರ್ಶಕರು ನನ್ನ ಜೊತೆ ಮೆಟ್ಟಿಲವರೆಗೆ ನಡೆದರು. ಏಪ್ರಿಲ್‌ನಲ್ಲಿ ತಾವು ಅವಸರ ಮಾಡಿದ್ದಾಗಿ ಹೇಳಿದರು. ನಾನೂ ಮಾಡಿದ್ದೆ ಸರ್ ಎಂದೆ. ಹುಳುಗಳ ತಟ್ಟೆಗಳನ್ನು ಅವರ ಕೈಗೆ ಕೊಟ್ಟೆ.

ಜಗಳ ಮತ್ತೆ ಶುರುವಾದದ್ದು ಲೇಖನ ಬರೆಯುವಾಗ. ನಾನು ಕಳಿಸಿದ ಕರಡಿನಲ್ಲಿ ಮೂರು ಹೆಸರುಗಳಿದ್ದವು: ನನ್ನದು, ಮಾರ್ಗದರ್ಶಕರದು, ನಡುವೆ ಕಾಕಾನದು. ಮರಳಿ ಬಂದ ಪ್ರತಿಯಲ್ಲಿ ನಡುವಿನ ಹೆಸರು ಕೊನೆಯ ಪುಟದ ಕೃತಜ್ಞತೆಯ ಸಾಲಿಗೆ ಇಳಿದಿತ್ತು. ಫೋನ್ ಮಾಡಿದೆ. "ಅವರು ಪ್ರಯೋಗಾಲಯ ಸಹಾಯಕರು, ಲೇಖಕರಾಗಲು ಆಗುವುದಿಲ್ಲ, ಪತ್ರಿಕೆಯವರು ನಗುತ್ತಾರೆ" ಎಂದರು ಮಾರ್ಗದರ್ಶಕರು.

"ತಟ್ಟೆಗಳ ಊರು ಮರೆಮಾಡಿದ ಕ್ರಮ ಅವರದು. ಬೀಗ ಅವರದು. ಅದು ಇಲ್ಲದಿದ್ದರೆ ನೀವು ಏಪ್ರಿಲ್‌ನಲ್ಲಿ ಹೇಳಿದ್ದೇ ನಿಜವಾಗಿ ಉಳೀತಿತ್ತು ಸರ್. ಅವರ ಹೆಸರು ತೆಗೀಬೇಕಾದರೆ ನನ್ನದನ್ನೂ ತೆಗೀರಿ."

"ನಿಮ್ಮ ಹೆಸರು ತೆಗೆದರೆ ನಿಮ್ಮ ಪದವಿ?"

"ಹೋಗಲಿ."

ಹೇಳಿ ಫೋನಿಟ್ಟೆ. ಮೂರು ವಾರ ಆ ಕಡೆಯಿಂದ ಸುದ್ದಿಯಿರಲಿಲ್ಲ. ನಾನು ಪಾಠ ಮಾಡಿದೆ, ನಾಲ್ಕು ದಿನಕ್ಕೊಮ್ಮೆ ಹುಳು ದಾಟಿಸಿದೆ, ಕಾಕಾನಿಗೆ ಏನೂ ಹೇಳಲಿಲ್ಲ. ನಾಲ್ಕನೆಯ ವಾರ ಕರಡು ಮರಳಿ ಬಂತು. ಪತ್ರವಿಲ್ಲ, ಮಾತಿಲ್ಲ. ಎರಡು ಅಲ್ಪವಿರಾಮ ತಿದ್ದಿದ್ದರು. ಮೊದಲ ಪುಟದಲ್ಲಿ ಮೂರು ಹೆಸರುಗಳಿದ್ದವು.

ಆ ಪುಟವನ್ನು ಮುದ್ರಿಸಿ ಕಾಕಾನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಕೂಡಿಸಿ ಓದಿದರು. ತಮ್ಮ ಹೆಸರಿನ ಹತ್ತಿರ ಬೆರಳು ನಿಂತಿತು.

"ಇದು ಪ್ಲೇಟ್ ತೊಳದವ್ರ ಪಟ್ಟಿ ಏನ್ರಿ?" ಎಂದು ಕೇಳಿದರು.

"ಅಲ್ರಿ ಕಾಕಾ. ಇದನ್ನ ಕಂಡಹಿಡದವ್ರ ಪಟ್ಟಿ."

ಅವರು ಇನ್ನೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ಮಡಚದೆ, ಎರಡು ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟು, ತಮ್ಮ ಹೆಸರಿನ ಮೂರನೆಯ ಅಕ್ಷರ ತಪ್ಪು ಬಿದ್ದಿದೆ, ಕಳಿಸುವ ಮೊದಲು ಸರಿ ಮಾಡಬೇಕು ಎಂದರು.